ಹಳೇ ಡೆಸ್ಕ್‌ಟಾಪ್‌ನಲ್ಲಿ ಎರಡು ಡಿಸ್ಕ್‌ಗಳ ರೇಡ್: ಯಾವ ಡಿಸ್ಕ್ ಕೈಕೊಟ್ಟರೂ ಬೂಟ್ ಆಗುವ ಹಾಗೆ

ನಾನು ಮೊದಲ ಸಲ ರೇಡ್ ಮಾಡಿದಾಗ ಕೆಲಸ ಮುಗಿಯಿತು ಅಂತಲೇ ಅಂದುಕೊಂಡಿದ್ದೆ. ಎರಡು ಡಿಸ್ಕ್, ಎರಡರಲ್ಲೂ ಒಂದೇ ಮಾಹಿತಿ. ಸಿಸ್ಟಮ್ ಚೆನ್ನಾಗಿ ಓಡುತ್ತಿತ್ತು. ಕೆಲವು ತಿಂಗಳ ನಂತರ ಮೊದಲ ಡಿಸ್ಕ್ ಕೆಟ್ಟಿತು. ಎರಡನೆಯದು ಇದೆಯಲ್ಲ ಅಂತ ಧೈರ್ಯವಾಗಿ ರೀಸ್ಟಾರ್ಟ್ ಮಾಡಿದೆ. ಕಪ್ಪು ತೆರೆಯ ಮೇಲೆ ಕರ್ಸರ್ ಮಿನುಗುತ್ತಾ ನಿಂತಿತು, ಮುಂದಕ್ಕೆ ಹೋಗಲೇ ಇಲ್ಲ. ಮಾಹಿತಿಯೆಲ್ಲ ಎರಡನೇ ಡಿಸ್ಕಿನಲ್ಲಿ ಹಾಗೇ ಇತ್ತು. ಅದನ್ನು ಎಬ್ಬಿಸಬೇಕಾದ ಬೂಟ್‌ಲೋಡರ್ ಮಾತ್ರ ಸತ್ತ ಡಿಸ್ಕಿನಲ್ಲಿತ್ತು.

ಆದ್ದರಿಂದ ಈ ಲೇಖನದಲ್ಲಿ ರೇಡ್ ಮಾಡುವುದು ಅರ್ಧ ಭಾಗ. ಎರಡು ಡಿಸ್ಕ್‌ಗಳಲ್ಲಿ ಯಾವುದನ್ನು ತೆಗೆದರೂ ಕಂಪ್ಯೂಟರ್ ತಾನೇ ಏಳುತ್ತದಾ ಅಂತ ಕೈಯಾರೆ ನೋಡುವುದು ಉಳಿದ ಅರ್ಧ. ಈ ಎರಡನೇ ಅರ್ಧವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ಯಾವ ರೇಡ್?

ರೇಡ್ ಎಂಬ ಹೆಸರು ಬಂದದ್ದು 1988ರಲ್ಲಿ, ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ಬರೆದ ಪ್ರಬಂಧದಿಂದ. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಸೇರಿಸಿ ಕೆಲಸ ಮಾಡಿಸುವುದು ಅವರ ಯೋಚನೆ. ಹಳೇ ಡೆಸ್ಕ್‌ಟಾಪ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ.

ರೇಡ್‌ನಲ್ಲಿ ಹಲವು ಬಗೆ. ರೇಡ್ 0 ವೇಗ ಕೊಡುತ್ತದೆ, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ಹಳೇ ಯಂತ್ರದಲ್ಲಿ ಅದರ ಗೋಜಿಗೇ ಹೋಗಬೇಡಿ. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು, ಬೂಟ್ ಮಾಡಿಸುವ ತಲೆಬಿಸಿಯೂ ಜಾಸ್ತಿ. ನಮಗೆ ಬೇಕಾದದ್ದು ರೇಡ್ 1, ಅಂದರೆ ಕನ್ನಡಿಯಂತೆ ಎರಡು ಡಿಸ್ಕ್‌ಗಳಲ್ಲೂ ಒಂದೇ ಬರಹ. 500 ಜಿಬಿಯ ಎರಡು ಡಿಸ್ಕ್ ಹಾಕಿದರೆ ನಿಮಗೆ ಸಿಗುವುದು 500 ಜಿಬಿ ಜಾಗವೇ. ಒಂದು 500, ಇನ್ನೊಂದು 320 ಇದ್ದರೆ ಸಿಗುವುದು 320.

ಇನ್ನೊಂದು ಆಯ್ಕೆ ಇದಕ್ಕಿಂತ ಮುಖ್ಯ. ಹಳೇ ಮದರ್‌ಬೋರ್ಡ್‌ಗಳಲ್ಲಿ ಬಯೋಸ್‌ನ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪುಟ್ಟ ಪ್ರೋಗ್ರಾಮ್) ಒಳಗೇ ರೇಡ್ ಅನ್ನುವ ಆಯ್ಕೆ ಇರುತ್ತದೆ. ಇಂಟೆಲ್‌ನ ಐಸಿಎಚ್9ಆರ್, ಐಸಿಎಚ್10ಆರ್ ಚಿಪ್‌ಗಳಿರುವ ಬೋರ್ಡ್‌ಗಳಲ್ಲಿ ಆನ್ ಮಾಡಿದ ತಕ್ಷಣ ಕಂಟ್ರೋಲ್ ಮತ್ತು ಐ ಒತ್ತಿದರೆ ಅದರ ಮೆನು ತೆರೆಯುತ್ತದೆ. ನೋಡಲು ಸುಲಭ ಅನ್ನಿಸುತ್ತದೆ. ಆದರೆ ಇದು ನಿಜವಾದ ಹಾರ್ಡ್‌ವೇರ್ ರೇಡ್ ಅಲ್ಲ. ಬೂಟ್ ಆಗುವವರೆಗೆ ಬಯೋಸ್ ನೋಡಿಕೊಳ್ಳುತ್ತದೆ, ಆಮೇಲೆ ಡ್ರೈವರ್ ಮೂಲಕ ನಿಮ್ಮ ಪ್ರೊಸೆಸರ್ರೇ ಎಲ್ಲಾ ಕೆಲಸ ಮಾಡುತ್ತದೆ.

ಹಳೇ ಬೋರ್ಡ್‌ನಲ್ಲಿ ಇದಕ್ಕೊಂದು ಅಪಾಯವಿದೆ. ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಸತ್ತರೆ ಬಯೋಸ್ ತನ್ನ ಸೆಟ್ಟಿಂಗ್ ಮರೆಯುತ್ತದೆ. ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್‌ಗಳ ಜೊತೆ ಮಾತಾಡುವ ರೀತಿ, ರೇಡ್‌ನಿಂದ ಹಳೇ ಐಡಿಇಗೆ ಹಿಂತಿರುಗಬಹುದು. ಆಗ ಎರಡು ಡಿಸ್ಕ್‌ಗಳು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಸಿಸ್ಟಮ್ ಅವುಗಳಲ್ಲಿ ಒಂದರಿಂದ ಎದ್ದು ಅದರ ಮೇಲೆ ಮಾತ್ರ ಬರೆಯುತ್ತಾ ಹೋದರೆ ಕನ್ನಡಿ ಒಡೆದ ಹಾಗೆ. ಬೋರ್ಡ್ ಸುಟ್ಟುಹೋದರೆ ಅದೇ ಬಗೆಯ ಇನ್ನೊಂದು ಬೋರ್ಡ್ ಹುಡುಕುವ ಪರದಾಟವೂ ಬರಬಹುದು.

ಅದಕ್ಕೇ ನಾನು ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಹಿಡಿಯಿರಿ ಅನ್ನುತ್ತೇನೆ. ರೇಡ್‌ನ ಗುರುತೆಲ್ಲ ಡಿಸ್ಕ್‌ಗಳ ಮೇಲೇ ಇರುತ್ತದೆ. ಆ ಎರಡು ಡಿಸ್ಕ್‌ಗಳನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಲಿನಕ್ಸ್ ಗುರುತು ಹಿಡಿಯುತ್ತದೆ. ಇಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಗೆಯನ್ನು ಇಟ್ಟುಕೊಂಡು ವಿವರಿಸುತ್ತೇನೆ, ಯಾಕೆಂದರೆ ಅದರ ಇನ್‌ಸ್ಟಾಲರ್‌ನಲ್ಲೇ ರೇಡ್ ಮೆನು ಇದೆ. ನಿಮ್ಮ ಪ್ರೊಸೆಸರ್ 64-ಬಿಟ್ ಆದರೆ ಹೊಸ ಡೆಬಿಯನ್ ನಡೆಯುತ್ತದೆ. ಬರೀ 32-ಬಿಟ್ ಆದರೆ ಡೆಬಿಯನ್ 12ರವರೆಗೆ ಮಾತ್ರ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ.

ಮುಚ್ಚಳ ತೆಗೆದು ನೋಡಿ

ಇನ್‌ಸ್ಟಾಲ್‌ಗೆ ಮುಂಚೆ ಒಂದು ಸಂಜೆಯನ್ನು ಬರೀ ಪರೀಕ್ಷೆಗೆ ಇಟ್ಟುಕೊಳ್ಳಿ. ಡಿಸ್ಕ್‌ಗಳಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಬೇಕಾದದ್ದನ್ನು ಮೊದಲೇ ಬೇರೆ ಕಡೆ ಕಾಪಿ ಮಾಡಿ.

ಪವರ್ ತೆಗೆದು ಕ್ಯಾಬಿನೆಟ್ ತೆರೆಯಿರಿ. ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಹೊರಬಂದಿದ್ದರೆ, ಆ ಬೋರ್ಡ್ ಮೇಲೆ ರೇಡ್ ಕಟ್ಟಬೇಡಿ. ಬ್ಯಾಟರಿಯನ್ನು ಈಗಲೇ ಬದಲಿಸಿ. ಹೊಸ ಸಾಟಾ ಕೇಬಲ್ ಎರಡು ಹಾಕಿ. ಪವರ್ ಸಪ್ಲೈನಲ್ಲಿ ಸಾಟಾ ಪಿನ್ ಸಾಲದೆ ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಅಡಾಪ್ಟರ್ ಹಾಕಬೇಕಾಗಿ ಬಂದರೆ, ಪ್ಲಾಸ್ಟಿಕ್ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದನ್ನು ಕೊಳ್ಳಬೇಡಿ. ಅದರೊಳಗೆ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಂಡದ್ದು ಉಂಟು. ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿರುವ ಬಗೆಯದ್ದು ಸಿಗುತ್ತದೆ, ಅದನ್ನೇ ತನ್ನಿ.

ಅಗಲ ಪಟ್ಟಿಯಂಥ ಕೇಬಲ್‌ನ ಹಳೇ ಐಡಿಇ ಡಿಸ್ಕ್‌ಗಳಾದರೆ ಎರಡನ್ನೂ ಒಂದೇ ಕೇಬಲ್‌ಗೆ ಹಾಕಬೇಡಿ. ಒಂದು ಕೆಟ್ಟರೆ ಜೊತೆಯದನ್ನೂ ಎಳೆದುಕೊಂಡು ಬೀಳಬಹುದು. ಒಂದೊಂದಕ್ಕೆ ಒಂದೊಂದು ಚಾನೆಲ್ ಕೊಡಿ. ಇನ್ನೊಂದು ವಿಷಯ: ವಿಐಎ ವಿಟಿ8237 ಚಿಪ್ ಇರುವ ಬೋರ್ಡ್‌ಗಳು ಆಮೇಲೆ ಬಂದ ಸಾಟಾ ಡಿಸ್ಕ್‌ಗಳನ್ನು ಕಾಣುವುದೇ ಇಲ್ಲ. ಡಿಸ್ಕಿನ ಹಿಂದೆ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸುವ ಜಂಪರ್ ಇದ್ದರೆ ಅದನ್ನು ಹಾಕಿ ನೋಡಿ.

ಈಗ ಒಂದು ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ, ಎರಡೂ ಡಿಸ್ಕ್‌ಗಳ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆಯಿರಿ. ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಇದಕ್ಕೇ ಇರುವುದು. ಉದ್ದ ಪಟ್ಟಿ ಬರುತ್ತದೆ, ಗಾಬರಿ ಬೇಡ. 5, 197, 198 ಈ ಮೂರು ಸಂಖ್ಯೆಯ ಸಾಲುಗಳ ಕೊನೆಯ ಅಂಕಿ ಸೊನ್ನೆ ಇದ್ದರೆ ನೆಮ್ಮದಿ. 5 ಅಂದರೆ ಕೆಟ್ಟ ಜಾಗದ ಬದಲು ಬೇರೆ ಜಾಗ ಕೊಟ್ಟ ಲೆಕ್ಕ. 197 ಅಂದರೆ ಓದಲು ಕಷ್ಟವಾಗಿ ಕಾಯುತ್ತಿರುವ ಜಾಗಗಳು. 198 ಅಂದರೆ ಸರಿಪಡಿಸಲು ಆಗದವು. 199 ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಡಿಸ್ಕಿನದಲ್ಲ, ಕೇಬಲ್‌ದು.

ರ‍್ಯಾಮ್ ಪರೀಕ್ಷೆಯನ್ನೂ ಮಾಡಿ. ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಲು ಬಿಡಿ. ಡಿಸ್ಕಿನ ವಿಷಯದಲ್ಲಿ ರ‍್ಯಾಮ್ ಯಾಕೆ ಅಂತ ಕೇಳಬಹುದು. ರ‍್ಯಾಮ್ ಕೆಟ್ಟಿದ್ದರೆ ತಪ್ಪು ಮಾಹಿತಿ ತಯಾರಾಗುತ್ತದೆ, ಆ ತಪ್ಪನ್ನು ರೇಡ್ ಎರಡೂ ಡಿಸ್ಕ್‌ಗಳಿಗೆ ಶ್ರದ್ಧೆಯಿಂದ ಬರೆಯುತ್ತದೆ.

ಕೊನೆಗೆ ಎರಡು ಕಾಗದದ ಚೀಟಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ದಪ್ಪಗೆ ಬರೆದು, ಕಣ್ಣಿಗೆ ಕಾಣುವ ಬದಿಗೆ ಅಂಟಿಸಿ. ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರಿಡುತ್ತದೆ. ಆ ಹೆಸರು ಅದಲು ಬದಲಾಗಬಹುದು. ಸೀರಿಯಲ್ ನಂಬರ್ ಬದಲಾಗುವುದಿಲ್ಲ.

ಬಯೋಸ್ ಸೆಟ್ಟಿಂಗ್ ಮತ್ತು ಹಳೇ ಗುರುತು

ಬಯೋಸ್‌ಗೆ ಹೋಗಿ ಸಾಟಾ ಮೋಡ್ ಅನ್ನು ಎಎಚ್‌ಸಿಐಗೆ ಇಡಿ. ಆ ಆಯ್ಕೆ ಇಲ್ಲದಿದ್ದರೆ ಐಡಿಇ ಆದರೂ ಪರವಾಗಿಲ್ಲ. ರೇಡ್ ಮೋಡ್ ಮಾತ್ರ ಬೇಡ. ಬೂಟ್ ಮೆನುವಿನಲ್ಲಿ ಹಾರ್ಡ್ ಡಿಸ್ಕ್‌ಗಳ ಕ್ರಮ ತೋರಿಸುವ ಬೇರೆಯೇ ಒಂದು ಪಟ್ಟಿ ಇರುತ್ತದೆ. ಎರಡೂ ಡಿಸ್ಕ್ ಅದರಲ್ಲಿ ಒಂದರ ಕೆಳಗೊಂದು ಇವೆಯಾ ನೋಡಿ.

ಈ ಡಿಸ್ಕ್‌ಗಳು ಹಿಂದೆ ಯಾವುದಾದರೂ ರೇಡ್‌ನಲ್ಲಿ ಇದ್ದಿದ್ದರೆ ಹಳೇ ಗುರುತು ಉಳಿದಿರುತ್ತದೆ. ಬಯೋಸ್ ರೇಡ್‌ಗಳು ಅದನ್ನು ಸಾಮಾನ್ಯವಾಗಿ ಡಿಸ್ಕಿನ ತುದಿಯಲ್ಲಿ ಬರೆದಿಡುತ್ತವೆ. ಫಾರ್ಮ್ಯಾಟ್ ಮಾಡಿದರೂ ಅದು ಹೋಗುವುದಿಲ್ಲ, ಇನ್‌ಸ್ಟಾಲರ್ ಗೊಂದಲಕ್ಕೆ ಬೀಳುತ್ತದೆ. ಲೈವ್ ಪೆನ್‌ಡ್ರೈವ್‌ನಲ್ಲಿರುವ ವೈಪ್‌ಎಫ್‌ಎಸ್ ಎಂಬ ಕಮಾಂಡ್‌ಗೆ ಬರೀ ಡಿಸ್ಕಿನ ಹೆಸರು ಕೊಟ್ಟರೆ ಯಾವ ಗುರುತುಗಳಿವೆ ಅಂತ ತೋರಿಸುತ್ತದೆ. ಎಲ್ಲವನ್ನೂ ಅಳಿಸುವ ಆಯ್ಕೆ ಸೇರಿಸಿ ಕೊಟ್ಟರೆ ಅಳಿಸುತ್ತದೆ. ಮೊದಲು ಬರೀ ನೋಡಿ, ಸೀರಿಯಲ್ ನಂಬರ್ ತಾಳೆ ಹಾಕಿ, ಆಮೇಲೆ ಅಳಿಸಿ.

ಪಾರ್ಟಿಷನ್ ಹೇಗೆ ಹಾಕಬೇಕು

ಮೂರು ಭಾಗ ಮಾಡಿ. ಡಿಸ್ಕಿನ ಶುರುವಿನಲ್ಲಿ 1 ಜಿಬಿ ಬೂಟ್‌ಗೆ. ಆಮೇಲೆ ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಜಾಗ) 2 ರಿಂದ 4 ಜಿಬಿ. ಉಳಿದದ್ದು ರೂಟ್‌ಗೆ, ಅಂದರೆ ಸಿಸ್ಟಮ್‌ಗೆ ಮತ್ತು ನಿಮ್ಮ ಫೈಲ್‌ಗಳಿಗೆ. ಎರಡೂ ಡಿಸ್ಕ್‌ಗಳಲ್ಲಿ ಅಳತೆ ಒಂದೇ ಇರಬೇಕು.

ಬೂಟ್ ಭಾಗ ಶುರುವಿನಲ್ಲೇ ಯಾಕೆ? ಬಯೋಸ್‌ಗೆ ಡಿಸ್ಕಿನ ದೂರದ ತುದಿ ಕಾಣದೇ ಇರಬಹುದು. 2000ರ ಆಸುಪಾಸಿನ ಬಯೋಸ್‌ಗಳಿಗೆ 137 ಜಿಬಿಯ ಆಚೆ ಏನೂ ಕಾಣುತ್ತಿರಲಿಲ್ಲ. ಬೂಟ್ ಫೈಲ್‌ಗಳು ಮೊದಲ ಗಿಗಾಬೈಟ್‌ನಲ್ಲೇ ಇದ್ದರೆ ಈ ತೊಂದರೆ ತಾಗುವುದಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಎದ್ದ ಮೇಲೆ ಲಿನಕ್ಸ್ ಬಯೋಸನ್ನು ಕೇಳದೆ ತಾನೇ ಡಿಸ್ಕ್ ಓದುತ್ತದೆ.

ಸ್ವಾಪ್ ಕೂಡ ರೇಡ್ ಮೇಲೇ ಇರಲಿ. ಅದರಲ್ಲಿ ಉಳಿಸುವಂಥದ್ದು ಏನೂ ಇಲ್ಲವಲ್ಲ, ಸುಮ್ನೆ ಒಂದೊಂದು ಡಿಸ್ಕಿನಲ್ಲಿ ಬೇರೆ ಬೇರೆ ಇಟ್ಟರಾಯಿತು ಅಂತ ಅನ್ನಿಸಬಹುದು. ಆದರೆ ಓಡುತ್ತಿರುವ ಪ್ರೋಗ್ರಾಮ್‌ನ ಒಂದು ತುಣುಕು ಸ್ವಾಪ್‌ನಲ್ಲಿರುವಾಗ ಆ ಡಿಸ್ಕ್ ಸತ್ತರೆ ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ, ಕೆಲವೊಮ್ಮೆ ಇಡೀ ಸಿಸ್ಟಮ್ಮೇ ನಿಲ್ಲುತ್ತದೆ.

ಕೊನೆಯಲ್ಲಿ ಒಂದು ಜಿಬಿಯಷ್ಟು ಜಾಗ ಖಾಲಿ ಬಿಡಿ. ಮುಂದೆ ಬದಲಿ ಡಿಸ್ಕ್ ತಂದಾಗ, ಅದೇ 500 ಜಿಬಿ ಅಂತ ಬರೆದಿದ್ದರೂ ಬೇರೆ ಕಂಪನಿಯದ್ದು ಕೂದಲೆಳೆಯಷ್ಟು ಚಿಕ್ಕದಿರಬಹುದು. ಆಗ ಅದು ರೇಡ್‌ಗೆ ಸೇರುವುದೇ ಇಲ್ಲ.

ಡಿಸ್ಕ್ 2 ಟಿಬಿವರೆಗೆ ಇದ್ದರೆ ಹಳೇ ಎಂಬಿಆರ್ ಪಾರ್ಟಿಷನ್ ಪಟ್ಟಿ ಸಾಕು. ಅದಕ್ಕಿಂತ ದೊಡ್ಡದಾದರೆ ಜಿಪಿಟಿ ಎಂಬ ಹೊಸ ಬಗೆಯ ಪಟ್ಟಿ ಬೇಕು. ಆಗ ಪ್ರತಿ ಡಿಸ್ಕಿನಲ್ಲೂ ಬಯೋಸ್ ಬೂಟ್‌ಗೆಂದು 1 ಎಂಬಿಯ ಪುಟ್ಟ ಪಾರ್ಟಿಷನ್ ಸೇರಿಸಬೇಕು. ಲಿನಕ್ಸ್ ಎಬ್ಬಿಸುವ ಬೂಟ್‌ಲೋಡರ್ ಆದ ಗ್ರಬ್ ತನ್ನ ಎರಡನೇ ಭಾಗವನ್ನು ಅಲ್ಲೇ ಇಟ್ಟುಕೊಳ್ಳುವುದು. ಕೆಲವು ಹಳೇ ಬಯೋಸ್‌ಗಳು ಜಿಪಿಟಿ ಡಿಸ್ಕ್‌ನಿಂದ ಬೂಟ್ ಆಗಲು ಒಪ್ಪುವುದಿಲ್ಲ. ಹಾಗಾಗಿ ಸಾಧ್ಯವಾದರೆ 2 ಟಿಬಿ ದಾಟಬೇಡಿ.

ಇನ್‌ಸ್ಟಾಲರ್ ಒಳಗೆ

ಡೆಬಿಯನ್ ಇನ್‌ಸ್ಟಾಲರ್ ಶುರು ಮಾಡಿ. ಪಾರ್ಟಿಷನ್ ಹಂತ ಬಂದಾಗ 'ಮ್ಯಾನ್ಯುಯಲ್' ಆರಿಸಿ. ಪ್ರತಿ ಡಿಸ್ಕಿನ ಮೇಲೆ ಎಂಟರ್ ಒತ್ತಿ ಹೊಸ ಪಾರ್ಟಿಷನ್ ಪಟ್ಟಿ ಮಾಡಿ. ಮೇಲೆ ಹೇಳಿದ ಮೂರು ಭಾಗಗಳನ್ನು ಎರಡೂ ಡಿಸ್ಕ್‌ಗಳಲ್ಲಿ ಮಾಡಿ. ಪ್ರತಿಯೊಂದರಲ್ಲೂ 'ಯೂಸ್ ಆಸ್' ಅನ್ನುವ ಸಾಲಿನಲ್ಲಿ ಎಕ್ಸ್‌ಟಿ4 (ಲಿನಕ್ಸ್ ಫೈಲ್‌ಗಳನ್ನು ಜೋಡಿಸಿಡುವ ಮಾಮೂಲಿ ಬಗೆ) ಬದಲು 'ಫಿಸಿಕಲ್ ವಾಲ್ಯೂಮ್ ಫಾರ್ ರೇಡ್' ಆರಿಸಿ. ಬೂಟ್ ಭಾಗಕ್ಕೆ ಎರಡೂ ಡಿಸ್ಕ್‌ಗಳಲ್ಲಿ ಬೂಟಬಲ್ ಫ್ಲ್ಯಾಗ್ ಆನ್ ಮಾಡಿ. ಕೆಲವು ಹಳೇ ಬಯೋಸ್‌ಗಳು ಆ ಗುರುತಿಲ್ಲದ ಡಿಸ್ಕನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಆರು ಭಾಗಗಳೂ ಆದ ಮೇಲೆ ಪಟ್ಟಿಯ ಮೇಲ್ಭಾಗದಲ್ಲಿ 'ಕಾನ್ಫಿಗರ್ ಸಾಫ್ಟ್‌ವೇರ್ ರೇಡ್' ಕಾಣುತ್ತದೆ. ಅದನ್ನು ಒತ್ತಿದರೆ ಇಲ್ಲಿಯವರೆಗಿನ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯಲಾ ಅಂತ ಕೇಳುತ್ತದೆ. ಹೌದು ಅಂದ ಮೇಲೆ ಹಿಂದೆ ಬರಲು ಆಗದು, ಒಮ್ಮೆ ನಿಂತು ನೋಡಿ. ಆಮೇಲೆ 'ಕ್ರಿಯೇಟ್ ಎಂಡಿ ಡಿವೈಸ್', 'ರೇಡ್ 1', ಕೆಲಸ ಮಾಡುವ ಡಿಸ್ಕ್‌ಗಳ ಸಂಖ್ಯೆ 2, ಸ್ಪೇರ್ 0. ನಂತರ ಬರುವ ಪಟ್ಟಿಯಲ್ಲಿ ಎರಡೂ ಡಿಸ್ಕ್‌ಗಳ ಮೊದಲ ಪಾರ್ಟಿಷನ್‌ಗಳಿಗೆ ಸ್ಪೇಸ್ ಒತ್ತಿ ಗುರುತು ಹಾಕಿ. ಎಸ್‌ಡಿಎ1 ಜೊತೆ ಎಸ್‌ಡಿಬಿ1. ಇದೇ ರೀತಿ ಎರಡನೇ ಜೋಡಿ, ಮೂರನೇ ಜೋಡಿ. ಗಡಿಬಿಡಿಯಲ್ಲಿ ಒಂದೇ ಡಿಸ್ಕಿನ ಎರಡು ಭಾಗಗಳನ್ನು ಜೋಡಿ ಮಾಡಿಬಿಟ್ಟರೆ ಎಲ್ಲಾ ವ್ಯರ್ಥ, ಅಲ್ವಾ? ಹೆಸರು ಎರಡು ಸಲ ಓದಿ.

ಮುಗಿಸಿ ಹೊರಬಂದರೆ ಪಟ್ಟಿಯಲ್ಲಿ ಮೂರು ಹೊಸ ರೇಡ್ ಸಾಧನಗಳು ಕಾಣುತ್ತವೆ. ಈಗ ಇವುಗಳಿಗೆ ಕೆಲಸ ಹಂಚಿ: ಮೊದಲನೆಯದು ಎಕ್ಸ್‌ಟಿ4, ಬೂಟ್‌ಗೆ. ಎರಡನೆಯದು ಸ್ವಾಪ್. ಮೂರನೆಯದು ಎಕ್ಸ್‌ಟಿ4, ರೂಟ್‌ಗೆ. ಮುಂದಿನದ್ದೆಲ್ಲ ಮಾಮೂಲಿ ಇನ್‌ಸ್ಟಾಲ್.

ಕೊನೆಯಲ್ಲಿ ಗ್ರಬ್ ಎಲ್ಲಿ ಹಾಕಲಿ ಅಂತ ಕೇಳುತ್ತದೆ. ಅಲ್ಲಿ ಒಂದೇ ಡಿಸ್ಕ್ ಆರಿಸಲು ಆಗುವುದು. ಮೊದಲ ಡಿಸ್ಕ್ ಆರಿಸಿ. ನಾನು ಅಂದು ಎಡವಿದ್ದು ಇಲ್ಲೇ, ಇಷ್ಟಕ್ಕೇ ನಿಲ್ಲಿಸಿದ್ದೆ.

ಎರಡನೇ ಡಿಸ್ಕಿಗೂ ಗ್ರಬ್

ಬಯೋಸ್‌ಗೆ ರೇಡ್ ಅಂದರೆ ಏನೂ ಗೊತ್ತಿಲ್ಲ. ಅದು ಒಂದು ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ. ಅದರಲ್ಲಿ 446 ಬೈಟ್ ಬೂಟ್ ಕೋಡ್‌ಗೆ ಮೀಸಲು. ಈ ಜಾಗ ಯಾವ ಪಾರ್ಟಿಷನ್ನಿನ ಒಳಗೂ ಇಲ್ಲ. ನಾವು ಕನ್ನಡಿ ಮಾಡಿದ್ದು ಪಾರ್ಟಿಷನ್‌ಗಳನ್ನು, ಆದ್ದರಿಂದ ಆ ಕೋಡ್ ತಾನಾಗಿ ಎರಡನೇ ಡಿಸ್ಕಿಗೆ ಹೋಗುವುದಿಲ್ಲ. ಹೊರಗೆ ಉಳಿದಿದ್ದನ್ನು ನಾವೇ ಹಾಕಬೇಕು.

ಹೊಸ ಸಿಸ್ಟಮ್ ಎದ್ದ ಮೇಲೆ ಟರ್ಮಿನಲ್ ತೆರೆದು, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ, ಗ್ರಬ್-ಪಿಸಿ ಪ್ಯಾಕೇಜಿನ ಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಓಡಿಸಿ. ಒಂದೆರಡು ಪ್ರಶ್ನೆಗಳಿಗೆ ಸುಮ್ನೆ ಎಂಟರ್ ಒತ್ತಿ. ಆಮೇಲೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಎಸ್‌ಡಿಎ, ಎಸ್‌ಡಿಬಿ ಎರಡಕ್ಕೂ ಗುರುತು ಹಾಕಿ. ಎಂಡಿ0 ಅಂತ ಇರುವ ರೇಡ್ ಸಾಧನಕ್ಕಾಗಲಿ, ಪಾರ್ಟಿಷನ್‌ಗಳಿಗಾಗಲಿ ಬೇಡ. ಗ್ರಬ್-ಇನ್‌ಸ್ಟಾಲ್ ಕಮಾಂಡಿನಿಂದಲೂ ಇದನ್ನು ಮಾಡಬಹುದು. ಆದರೆ ಈ ದಾರಿಯಲ್ಲಿ ಹೋದರೆ ಡೆಬಿಯನ್ ನಿಮ್ಮ ಆಯ್ಕೆಯನ್ನು ನೆನಪಿಟ್ಟುಕೊಂಡು, ಮುಂದೆ ಗ್ರಬ್ ಅಪ್‌ಡೇಟ್ ಬಂದಾಗಲೂ ಎರಡೂ ಕಡೆ ಹಾಕುತ್ತದೆ.

ಕೇಬಲ್ ಕಿತ್ತು ನೋಡುವ ಪರೀಕ್ಷೆ

ಮೊದಲು ಎರಡೂ ಡಿಸ್ಕ್‌ಗಳು ಒಂದಕ್ಕೊಂದು ಹೊಂದಿಕೊಳ್ಳಲಿ. ಪ್ರೋಕ್ ಫೋಲ್ಡರ್‌ನಲ್ಲಿ ಎಂಡಿಸ್ಟಾಟ್ ಅನ್ನುವ ಫೈಲ್ ಇದೆ. ಅದನ್ನು ತೆರೆದರೆ ಪ್ರತಿ ರೇಡ್‌ನ ಸ್ಥಿತಿ ಕಾಣುತ್ತದೆ. ಚೌಕ ಕಂಸದೊಳಗೆ ಎರಡು 'ಯು' ಇದ್ದರೆ ಎರಡೂ ಡಿಸ್ಕ್ ಸರಿ. ಒಂದು ಯು, ಪಕ್ಕದಲ್ಲಿ ಅಡಿಗೆರೆ ಇದ್ದರೆ ಒಂದು ಡಿಸ್ಕ್ ಇಲ್ಲ. ಶುರುವಿನ ಹೊಂದಾಣಿಕೆ ನಡೆಯುತ್ತಿದ್ದರೆ ಎಷ್ಟು ಶೇಕಡಾ ಆಯಿತು, ಇನ್ನೆಷ್ಟು ನಿಮಿಷ ಅಂತಲೂ ತೋರಿಸುತ್ತದೆ. ಹಳೇ ದೊಡ್ಡ ಡಿಸ್ಕ್‌ಗಳಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಮುಗಿಯುವವರೆಗೆ ಕಾಯಿರಿ.

ಮುಗಿದ ಮೇಲೆ ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಗೋಡೆಯ ಸ್ವಿಚ್ಚೂ ಆಫ್. ಓಡುತ್ತಿರುವಾಗ ಕೇಬಲ್ ಕೀಳುವ ಸಾಹಸ ಹಳೇ ಬೋರ್ಡ್‌ನಲ್ಲಿ ಬೇಡ. ಮೊದಲ ಡಿಸ್ಕಿನ ಡೇಟಾ ಕೇಬಲ್ ಕಿತ್ತು ಆನ್ ಮಾಡಿ. ಗ್ರಬ್ ಮೆನು ಬರಬೇಕು. ಆಮೇಲೆ ಸಿಸ್ಟಮ್ ಕಾಣದ ಡಿಸ್ಕಿಗಾಗಿ ಸ್ವಲ್ಪ ಹೊತ್ತು ಕಾಯುತ್ತದೆ. ಇಲ್ಲೇ ನಿಂತಿತು ಅಂತ ಹೆದರಿ ರೀಸೆಟ್ ಒತ್ತಬೇಡಿ. ಲಾಗಿನ್ ಬಂದ ಮೇಲೆ ಎಂಡಿಸ್ಟಾಟ್ ನೋಡಿದರೆ ಮೂರರಲ್ಲೂ ಒಂದು ಯು, ಒಂದು ಅಡಿಗೆರೆ. ಅಲ್ಲಿ ಇನ್ನೊಂದನ್ನೂ ಗಮನಿಸಿ: ಎರಡನೇ ಡಿಸ್ಕ್ ಈಗ ಎಸ್‌ಡಿಎ ಆಗಿದೆ. ಚೀಟಿ ಅಂಟಿಸಿದ್ದು ಇದಕ್ಕೇ.

ಈಗ ಒಂದು ಗಟ್ಟಿ ಎಚ್ಚರಿಕೆ. ಕಿತ್ತ ಡಿಸ್ಕನ್ನು ಹಾಕಿ, ತಕ್ಷಣ ಇನ್ನೊಂದನ್ನು ಕಿತ್ತು ಬೂಟ್ ಮಾಡಬೇಡಿ. ಮೊದಲ ಪರೀಕ್ಷೆಯಲ್ಲಿ ಎರಡನೇ ಡಿಸ್ಕಿನ ಮೇಲೆ ಹೊಸ ಬರಹ ಬಿದ್ದಿದೆ, ಮೊದಲನೆಯದು ಹಿಂದೆ ಉಳಿದಿದೆ. ಈಗ ಮೊದಲನೆಯದನ್ನು ಒಂಟಿಯಾಗಿ ಎಬ್ಬಿಸಿದರೆ ಅದರ ಮೇಲೂ ಬೇರೆ ಬರಹ ಬೀಳುತ್ತದೆ. ಆಮೇಲೆ ಯಾವುದು ಸರಿ ಅಂತ ಹೇಳಲು ಯಾರಿಗೂ ಆಗದು.

ಆದ್ದರಿಂದ ಆಫ್ ಮಾಡಿ, ಎರಡೂ ಡಿಸ್ಕ್ ಜೋಡಿಸಿ, ಆನ್ ಮಾಡಿ. ಹಿಂದೆ ಬಿದ್ದ ಡಿಸ್ಕನ್ನು ಲಿನಕ್ಸ್ ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಎಂಡಿಆಡಮ್ ಎಂಬ ಕಮಾಂಡಿಗೆ 'ಆ್ಯಡ್' ಆಯ್ಕೆ ಕೊಟ್ಟು ಮೂರೂ ಪಾರ್ಟಿಷನ್‌ಗಳನ್ನು ಅವುಗಳ ರೇಡ್‌ಗೆ ವಾಪಸ್ ಸೇರಿಸಿ. 100 ಜಿಬಿಗಿಂತ ದೊಡ್ಡ ರೇಡ್‌ಗಳಿಗೆ ಎಂಡಿಆಡಮ್ ತಾನಾಗಿಯೇ ಬಿಟ್‌ಮ್ಯಾಪ್ ಇಟ್ಟಿರುತ್ತದೆ, ಎಲ್ಲಿ ಬದಲಾಗಿದೆ ಎಂಬ ಗುರುತು. ಅದರಿಂದ ರೂಟ್ ಭಾಗ ನಿಮಿಷಗಳಲ್ಲೇ ಹೊಂದಿಕೊಳ್ಳಬಹುದು. ಎಲ್ಲದರಲ್ಲೂ ಎರಡು ಯು ಬಂದ ಮೇಲೆಯೇ ಎರಡನೇ ಡಿಸ್ಕ್ ಕಿತ್ತು ಇದೇ ಪರೀಕ್ಷೆ ಮಾಡಿ. ಎರಡೂ ಸಲ ಲಾಗಿನ್ ಬಂತಾ? ಹಾಗಾದರೆ ನಿಮ್ಮ ರೇಡ್ ಪಕ್ಕಾ.

ನಿಜವಾಗಿ ಡಿಸ್ಕ್ ಕೆಟ್ಟಾಗ

ಪರೀಕ್ಷೆಗೂ ನಿಜಕ್ಕೂ ಒಂದು ವ್ಯತ್ಯಾಸ ಇದೆ. ಪೂರ್ತಿ ಸತ್ತ ಡಿಸ್ಕನ್ನು ಬಯೋಸ್ ಬಿಟ್ಟು ಮುಂದೆ ಹೋಗುತ್ತದೆ. ಅರ್ಧ ಜೀವದ ಡಿಸ್ಕ್ ಹೆಸರು ಹೇಳುತ್ತದೆ, ಓದಲು ಮಾತ್ರ ಬಿಡುವುದಿಲ್ಲ. ಆಗ ಬಯೋಸ್ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಅಂಥ ಡಿಸ್ಕಿನ ಕೇಬಲ್ ತೆಗೆದುಬಿಡಿ, ಇನ್ನೊಂದರಿಂದ ಏಳುತ್ತದೆ.

ಹೊಸ ಡಿಸ್ಕ್ ತಂದ ಮೇಲೆ ಕೆಲಸ ಮೂರೇ. ಎಸ್‌ಎಫ್‌ಡಿಸ್ಕ್ ಎಂಬ ಕಮಾಂಡ್ ಬಳಸಿ ಒಳ್ಳೆಯ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ಹೊಸದಕ್ಕೆ ನಕಲು ಮಾಡಿ. ದಿಕ್ಕು ತಪ್ಪಿದರೆ ಖಾಲಿ ಪಟ್ಟಿ ಒಳ್ಳೆಯ ಡಿಸ್ಕಿನ ಮೇಲೆ ಬಂದು ಕೂರುತ್ತದೆ, ಚೀಟಿ ನೋಡಿ ಖಚಿತ ಮಾಡಿಕೊಳ್ಳಿ. ಆಮೇಲೆ ಎಂಡಿಆಡಮ್‌ನಿಂದ ಮೂರು ಭಾಗಗಳನ್ನು ಸೇರಿಸಿ. ಕೊನೆಗೆ ಗ್ರಬ್-ಪಿಸಿಯನ್ನು ಮತ್ತೆ ರೀಕಾನ್ಫಿಗರ್ ಮಾಡಿ ಹೊಸ ಡಿಸ್ಕಿಗೂ ಗುರುತು ಹಾಕಿ. ಕೊಳ್ಳುವಾಗ ಎಸ್‌ಎಂಆರ್ ಬಗೆಯ (ಬರಹದ ಸಾಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ) ಡಿಸ್ಕ್ ಬೇಡ. ಇಡೀ ಡಿಸ್ಕ್ ಒಂದೇ ಸಮನೆ ಬರೆಯುವಾಗ ಅವು ಬಹಳ ನಿಧಾನ.

ರೇಡ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ನೀವು ಕೈತಪ್ಪಿ ಅಳಿಸಿದ ಫೋಟೋ ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣಕ್ಕೆ ಹೋಗುತ್ತದೆ. ಹೊರಗಿನ ಒಂದು ಡಿಸ್ಕಿಗೆ ಆಗಾಗ ಕಾಪಿ ಮಾಡಿ, ಅದನ್ನು ಬಿಚ್ಚಿ ಬೇರೆ ಕಡೆ ಇಡಿ.

ಇನ್ನು ಎಂಡಿಸ್ಟಾಟ್ ನೋಡುವುದು. ಡೆಬಿಯನ್ ತಿಂಗಳಿಗೊಮ್ಮೆ ತಾನೇ ಎರಡೂ ಡಿಸ್ಕ್‌ಗಳನ್ನು ಓದಿ ತಾಳೆ ನೋಡುತ್ತದೆ, ಡಿಸ್ಕ್ ಕೆಟ್ಟರೆ ರೂಟ್ ಖಾತೆಗೆ ಮೇಲ್ ಕಳಿಸಲು ನೋಡುತ್ತದೆ. ಆದರೆ ಮನೆಯ ಡೆಸ್ಕ್‌ಟಾಪ್‌ನಲ್ಲಿ ಆ ಮೇಲನ್ನು ಯಾರೂ ತೆರೆಯುವುದಿಲ್ಲ. ಒಂದು ಡಿಸ್ಕ್ ಸತ್ತರೂ ಸಿಸ್ಟಮ್ ಎಂದಿನಂತೆ ಓಡುತ್ತಿರುತ್ತದೆ, ನಿಮಗೆ ತಿಳಿಯುವುದೇ ಇಲ್ಲ. ವಾರಕ್ಕೊಮ್ಮೆ ಆ ಫೈಲ್ ತೆರೆದು ಮೂರು ಸಾಲಿನಲ್ಲೂ ಎರಡೆರಡು ಯು ಇವೆಯಾ ಅಂತ ನೋಡಿ. ಅರ್ಧ ನಿಮಿಷದ ಕೆಲಸ.